ಒಣಗಬಾರದ ಗಾಯ

ಇಪ್ಪತ್ತೈದನೇ ತಾರೀಕು ಬೆಳಿಗ್ಗೆ ಹತ್ತೂ ಕಾಲಿಗೆ ಠಾಣೆಗೆ ಬಂದ ದೂರುದಾರ ಕುರ್ಚಿಯ ಅಂಚಿನಲ್ಲಿ ಮುದುಡಿ ಕೂತ. ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಯ ತೊಳೆದು ಪಟ್ಟಿ ಕಟ್ಟುವ ಡ್ರೆಸ್ಸರ್ ಆತ. ಇನ್‌ಸ್ಪೆಕ್ಟರರ ಮೇಜಿನ ಮೇಲೆ ಅಂದು ಮೂರು ಕಳವಿನ ಕಡತಗಳು ಬಿದ್ದಿದ್ದವು. ಗಾಯದ ಪುರಾಣ ಕೇಳುವ ತಾಳ್ಮೆ ಅವರಿಗಿರಲಿಲ್ಲ.

"ಏನ್ರೀ, ಬೇಗ ಹೇಳಿ."

"ನಿನ್ನೆ ನಮ್ಮ ವಾರ್ಡಲ್ಲಿ ಒಬ್ರು ಮಾಜಿ ಸೈನಿಕರು ತೀರ್ಕೊಂಡ್ರು ಸರ್. ಕಾಲಿನ ಗಾಯ ನಂಜಾಗಿ. ಹನ್ನೊಂದು ವರ್ಷದ ಹಿಂದೆ ಗಡಿಯಲ್ಲಿ ಸಿಡಿಗುಂಡಿನ ಚೂರು ಹೊಕ್ಕಿತ್ತು."

"ಯುದ್ಧದ ಗಾಯ. ಅದಕ್ಕೆ ಪೊಲೀಸ್ ಯಾಕೆ?"

"ಮೂರು ವರ್ಷದಿಂದ ನಾನೇ ಕಟ್ತಿದ್ದೆ. ಚೆನ್ನಾಗಿ ಒಣಗ್ತಿತ್ತು. ಇದ್ದಕ್ಕಿದ್ದ ಹಾಗೆ ಬಾಯಿ ಬಿಡ್ತಿತ್ತು. ಗಾಯ ತಾನಾಗೇ ಹಾಗೆ ಮಾಡಲ್ಲ ಸರ್."

ಡ್ರೆಸ್ಸರ್ ಜೇಬಿನಿಂದ ಸಣ್ಣ ಔಷಧಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಅದರೊಳಗೆ ಕೂದಲಿನಷ್ಟು ತೆಳ್ಳಗಿನ ಲೋಹದ ಸುರುಳಿ. ಸಾಯುವ ಹಿಂದಿನ ದಿನ ಗಾಯದಿಂದ ಚಿಮಟದಲ್ಲಿ ಎಳೆದದ್ದು. ಡಾಕ್ಟರು ಅದನ್ನು 'ಸಿಡಿಗುಂಡಿನ ಚೂರು' ಎಂದು ಬರೆದು ಕೈತೊಳೆದುಕೊಂಡಿದ್ದರು.

"ಹನ್ನೊಂದು ವರ್ಷ ಮೈಯೊಳಗಿದ್ದ ಲೋಹ ಹೀಗೆ ಫಳಫಳ ಹೊಳೆಯುತ್ತಾ ಸರ್?"

ಇನ್‌ಸ್ಪೆಕ್ಟರರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಳವಿನ ಕಡತಗಳು ಪಕ್ಕಕ್ಕೆ ಸರಿದವು. ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು, ಶವ ಮರಣೋತ್ತರ ಪರೀಕ್ಷೆಗೆ ಹೋಯಿತು. ಸಂಜೆಯ ವರದಿಯಲ್ಲಿ ಅಂಥವೇ ಇನ್ನೂ ಎರಡು ಸುರುಳಿಗಳಿದ್ದವು. 

ಆ ಗಾಯ ಒಣಗದಿದ್ದರೆ ಯಾರಿಗೆ ಲಾಭ ಎಂದು ಹುಡುಕುತ್ತಾ ಮರುದಿನ ಬೆಳಿಗ್ಗೆ ಹತ್ತೂವರೆಗೆ ಅವರು ಮಹಿಳಾ ಕಾನ್‌ಸ್ಟೆಬಲ್ ಜೊತೆ ಸೈನಿಕರ ಪಿಂಚಣಿಯ ಮೇಲ್ಮನವಿ ಮಂಡಳಿಗೆ ಹೋದರು. ಹೊರಗಿನ ಬೆಂಚಿನ ಮೇಲೆ ಊರುಗೋಲುಗಳು, ಕಪ್ಪು ಕನ್ನಡಕಗಳು, ಪ್ಲಾಸ್ಟಿಕ್ ಚೀಲದಲ್ಲಿ ಎದೆಗವಚಿಕೊಂಡ ಕಾಗದಗಳು. ದೇಶಕ್ಕೆ ಕೈಕಾಲು ಕೊಟ್ಟವರು ಅಲ್ಲಿ ಚೀಟಿ ಹಿಡಿದು ತಮ್ಮ ಸರದಿ ಕಾಯುತ್ತಿದ್ದರು, ಒಳಗೆ ಗುಮಾಸ್ತ ಟೀ ಆರಿಸಿಕೊಂಡು ಕುಡಿಯುತ್ತಿದ್ದ.

"ಈ ಮನುಷ್ಯನ ವಿಚಾರಣೆ ದಿನಾಂಕಗಳು ಬೇಕು," ಎಂದರು ಇನ್‌ಸ್ಪೆಕ್ಟರರು, ಸತ್ತ ಸೈನಿಕನ ಹೆಸರಿನ ಚೀಟಿ ಮುಂದಿಟ್ಟು.

ಗುಮಾಸ್ತ ಓದುತ್ತಾ ಹೋದ, ಕಾನ್‌ಸ್ಟೆಬಲ್ ಡ್ರೆಸ್ಸರ್ ಕೊಟ್ಟಿದ್ದ, ಪಟ್ಟಿ ಕಟ್ಟಿದ ದಿನಗಳ ಪುಸ್ತಕದ ಮೇಲೆ ಬೆರಳಾಡಿಸಿದಳು. ಮೂರು ವರ್ಷದಲ್ಲಿ ಮೂರು ಮರುಪರೀಕ್ಷೆ; ಗಾಯ ಕಂಡರೆ ಮಾತ್ರ ಪಿಂಚಣಿ. ಪ್ರತಿ ಸಲವೂ ಸರಿಯಾಗಿ ಎಂಟು ದಿನ ಮೊದಲು ಗಾಯ ಬಾಯಿ ಬಿಟ್ಟಿತ್ತು. ಆದರೆ ಈ ತಿಂಗಳು ಎರಡು ಸಲ: ಆರನೇ ತಾರೀಕು, ಮತ್ತೆ ಹತ್ತೊಂಬತ್ತು.

"ಈ ತಿಂಗಳು ಯಾವತ್ತಿತ್ತು?"

"ಹದಿನಾಲ್ಕಕ್ಕೆ ಸರ್. ಮೆಂಬರೊಬ್ರು ರಜೆ ಹಾಕಿದ್ರು. ಇಪ್ಪತ್ತೇಳಕ್ಕೆ ಮುಂದೂಡಿದ್ವಿ. ಹನ್ನೆರಡನೇ ತಾರೀಕೇ ನೋಟಿಸ್ ಹೋಗಿದೆ, ನಮ್ಮ ಕಡೆಯಿಂದ ಏನೂ ತಪ್ಪಿಲ್ಲ."

"ಈಗ ಮನೆಯವರಿಗೆ ಏನು ಸಿಗುತ್ತೆ?"

"ಯುದ್ಧದ ಗಾಯದಿಂದ ಸತ್ರೆ ಹೆಂಡತಿಗೆ ಪಿಂಚಣಿ. ಹೆಂಡತಿ ಇಲ್ದಿದ್ರೆ ಮಗಳಿಗೆ, ಓದು ಮುಗಿಯೋವರೆಗೂ. ಬೇರೆ ಕಾರಣಕ್ಕೆ ಸತ್ರೆ ಯಾರಿಗೂ ಏನೂ ಇಲ್ಲ. ನಿಮ್ಮ ವರದಿ ನೋಡೇ ತೀರ್ಮಾನ ಮಾಡ್ತೀವಿ ಸರ್."

ಕಡತದಲ್ಲಿ ಮೂರೂವರೆ ವರ್ಷದ ಹಿಂದಿನ ಒಂದು ಆದೇಶವೂ ಇತ್ತು. 'ಗಾಯ ಒಣಗಿದೆ. ಅಂಗವೈಕಲ್ಯ ಶೂನ್ಯ.' ಇನ್‌ಸ್ಪೆಕ್ಟರರು ಅದರ ನಕಲು ತೆಗೆಸಿಕೊಂಡರು.

ಮಧ್ಯಾಹ್ನ ಮೂರಕ್ಕೆ ಮನೆ ತಪಾಸಣೆ. ಎರಡು ಕೋಣೆಯ ಬಾಡಿಗೆ ಮನೆ. ಎದುರಿನ ದರ್ಜಿ ಮತ್ತು ಪಕ್ಕದ ಅಂಗಡಿಯವನು ಪಂಚರಾಗಿ ನಿಂತರು. ಮಹಿಳಾ ಕಾನ್‌ಸ್ಟೆಬಲ್ ಸೈನಿಕನ ಹೆಂಡತಿಯನ್ನು ಕರೆದುಕೊಂಡು ಅಡುಗೆಮನೆಗೆ ಹೋದಳು. ಇನ್‌ಸ್ಪೆಕ್ಟರರು ಹೊರಗಿನ ಮೆಟ್ಟಿಲ ಮೇಲೆ ಮಗಳ ಪಕ್ಕ ಕೂತರು. ಹದಿನೆಂಟು ತುಂಬಿದ ಹುಡುಗಿ, ಮೊದಲ ವರ್ಷದ ಕಾಲೇಜು. ಅತ್ತೂ ಅತ್ತೂ ಕಣ್ಣು ಊದಿಕೊಂಡಿದ್ದವು.

"ಸರ್, ಅಪ್ಪಂದು ಯುದ್ಧದ ಗಾಯ ಅಂತಾನೇ ಬರೀತೀರಲ್ವಾ? ಇಲ್ದಿದ್ರೆ ನನ್ ಕಾಲೇಜು..."

ಗುಮಾಸ್ತನ ಮಾತು ಇನ್‌ಸ್ಪೆಕ್ಟರರ ಕಿವಿಯಲ್ಲಿ ಇನ್ನೂ ಹಸಿಯಾಗಿತ್ತು. ಆದರೂ ಅವರು ಮನೆಯ ಹಿರಿಯನ ಹಾಗೆ ದನಿ ತಗ್ಗಿಸಿದರು.

"ನೀನು ನಡೆದಿದ್ದು ಹೇಳಮ್ಮ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಹುಡುಗಿ ನಂಬಿದಳು. ನಂಬದೆ ಏನು ಮಾಡಿಯಾಳು?

"ಮುಂಚೆಯೆಲ್ಲಾ ಅಪ್ಪಾನೇ ಕಾಲು ಚಾಚೋರು ಸರ್. ಬಾಯಿಗೆ ಟವೆಲ್ ತುರುಕ್ಕೊಂಡು. ಅಮ್ಮ ಅಳ್ತಾ ಗಾಯ ಉಜ್ಜೋರು. ಈ ಸಲ ಮುಂದಕ್ಕೆ ಹೋಯ್ತು ಅಂತ ಕಾಗದ ಬಂತಲ್ಲ, ಆಗ ಅಪ್ಪ ಸಾಕು ಅಂದ್ರು. ಇನ್ನೊಂದು ಸಲ ಆಗಲ್ಲ ಕಣೇ, ಒಣಗಿದ್ರೆ ಒಣಗ್ಲಿ ಅಂದ್ರು."

"ಆಮೇಲೆ?"

"ಹತ್ತೊಂಬತ್ತಕ್ಕೆ ನಾನು ಮಧ್ಯಾಹ್ನವೇ ಮನೆಗೆ ಬಂದೆ. ಅಪ್ಪ ಮಲಗಿದ್ರು. ಎಷ್ಟು ಕರೆದ್ರೂ ಏಳ್ಲಿಲ್ಲ. ಅಮ್ಮ ಕೈ ತೊಳ್ಕೊಳ್ತಿದ್ರು. ನೀರು ಕೆಂಪಗಿತ್ತು."

ಅವಳು ಹೇಳಿದ್ದೆಲ್ಲವನ್ನೂ ಬರೆದುಕೊಂಡು ಇನ್‌ಸ್ಪೆಕ್ಟರರು ಓದಿ ಹೇಳಿದರು. ಹುಡುಗಿ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಿದಳು. ಅಷ್ಟರಲ್ಲಿ ಕಾನ್‌ಸ್ಟೆಬಲ್ ಅಡುಗೆಮನೆಯ ಅಟ್ಟದಿಂದ ಒಂದು ಡಬ್ಬಿ ತಂದಳು. ಪಾತ್ರೆ ತಿಕ್ಕುವ ಸ್ಟೀಲ್ ನಾರು, ಕಲೆ ಹಿಡಿದ ಬಟ್ಟೆ, ಅರ್ಧ ಖಾಲಿಯಾದ ನಿದ್ರೆ ಮಾತ್ರೆಯ ಪಟ್ಟಿ. ಪಂಚನಾಮೆ ನಾಲ್ಕೂ ಇಪ್ಪತ್ತಕ್ಕೆ ಮುಗಿಯಿತು. ದರ್ಜಿ ಸಹಿ ಹಾಕುವಾಗ ಡಬ್ಬಿಯ ಕಡೆ ನೋಡಲಿಲ್ಲ.

ಹೆಂಡತಿ ಗೋಡೆಗೊರಗಿ ಕೂತಿದ್ದಳು. ಸುಳ್ಳು ಹೇಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

"ಎಂಟೇ ದಿನ ಯಾಕೆ?"

"ನಿನ್ನೆ ಮೊನ್ನೆಯ ಗಾಯ ಆದ್ರೆ ಗೊತ್ತಾಗುತ್ತೆ. ಎಂಟು ದಿನ ಆದ್ರೆ ಹಳೇದರ ಹಾಗೆ ಕಾಣುತ್ತೆ."

"ಅವರು ಬೇಡ ಅಂದಿದ್ರು."

"ಹೂಂ. ಹಾಲಿಗೆ ನಾಲ್ಕು ಮಾತ್ರೆ ಹಾಕ್ದೆ. ಎಚ್ಚರ ಆಗ್ಬಾರ್ದಲ್ಲ ಅಂತ ಬೇಗ ಬೇಗ ಉಜ್ಜಿದೆ. ಜಾಸ್ತಿ ಆಗೋಯ್ತು."

"ಯಾಕಮ್ಮಾ?"

ಅವಳು ಮೊದಲ ಸಲ ತಲೆಯೆತ್ತಿದಳು.

"ಅವರ ಕಾಲಿಗೆ ಏನಾಗಿತ್ತು ಸರ್? ಆಗಿದ್ದೆಲ್ಲಾ ತಲೆಗೆ. ಯಾರಾದ್ರೂ ಬಾಗಿಲು ಜೋರಾಗಿ ಹಾಕಿದ್ರೆ ಮಂಚದ ಕೆಳಗೆ ಹೋಗಿ ಸೇರ್ಕೊಳ್ಳೋರು. ನನ್ನ ಗುರುತು ಸಿಗದೆ ಕತ್ತು ಹಿಚುಕಿದ್ದಾರೆ. ಯಾವ ಕೆಲಸದಲ್ಲೂ ನಾಲ್ಕು ದಿನ ನಿಲ್ಲಲಿಲ್ಲ. ಅದನ್ನೆಲ್ಲಾ ಮಂಡಳಿ ಮುಂದೆ ಹೇಳ್ದೆ. ಅಲ್ಲಿ ಕೂತಿದ್ದ ದೊಡ್ಡವರು, ಕಾಣೋದೇನಾದ್ರೂ ಇದ್ರೆ ತೋರ್ಸಮ್ಮಾ ಅಂದ್ರು. ಅವತ್ತೇ ಪಿಂಚಣಿ ನಿಲ್ಸಿದ್ರು. ಅದಕ್ಕೇ ತೋರಿಸ್ದೆ."

ಇನ್‌ಸ್ಪೆಕ್ಟರರು ಬರೆಯುತ್ತಿದ್ದ ಪೆನ್ನನ್ನು ಮೇಲೆತ್ತಿದರು. ಅದು ಯಾವ ಕಾಲಂನಲ್ಲೂ ಬರೆಯುವ ಸಂಗತಿಯಲ್ಲ.

"ನನ್ನ ಕರ್ಕೊಂಡು ಹೋಗಿ. ನೇಣಿಗೆ ಬೇಕಾದ್ರೂ ಹಾಕಿ," ಎಂದಳು ಅವಳು, ದನಿ ತಗ್ಗಿಸಿ. "ಸತ್ತಿದ್ದು ಯುದ್ಧದ ಗಾಯದಿಂದ ಅಂತ ಮಾತ್ರ ಬರೀರಿ. ಮಗು ಓದ್ಕೊಳ್ಲಿ."

ಐದೂ ಹತ್ತಕ್ಕೆ ಬಂಧನವಾಯಿತು. ಮಗಳು ಜೀಪಿನ ತನಕ ಓಡಿ ಬಂದು, "ನೀವು ನೋಡ್ಕೋತೀನಿ ಅಂದ್ರಲ್ಲ ಸರ್, ಅಮ್ಮನ್ನ ಯಾಕೆ ಕರ್ಕೊಂಡು ಹೋಗ್ತಿದ್ದೀರಾ?" ಎಂದು ಕೇಳುತ್ತಲೇ ಇದ್ದಳು. ಅಂಗಡಿಯವನು ಅವಳ ತೋಳು ಹಿಡಿದುಕೊಂಡ.

ಜೀಪು ತಿರುವು ದಾಟಿದ ಮೇಲೆ, ಮುಂದೆ ಕೂತ ಇನ್‌ಸ್ಪೆಕ್ಟರರ ಕಡೆ ಬಾಗಿ ಕಾನ್‌ಸ್ಟೆಬಲ್ ಮೆಲ್ಲಗೆ ಕೇಳಿದಳು. "ಹೇಳಿಕೆ ಕೊಟ್ರೆ ಏನಾಗುತ್ತೆ ಅಂತ ಆ ಹುಡುಗಿಗೆ ಮೊದಲೇ ಹೇಳಬಹುದಿತ್ತಲ್ವಾ ಸರ್?"

"ಹೇಳಿದ್ರೆ ಬಾಯಿ ಬಿಡ್ತಿದ್ಲಾ?"

ಅವಳು ಹಿಂದಕ್ಕೆ ಸರಿದು ಕೂತಳು. ಹಿಂದಿನ ಸೀಟಿನಲ್ಲಿದ್ದ ಹೆಂಡತಿಗೆ ಎಲ್ಲವೂ ಕೇಳಿಸಿತ್ತು.

ಆರೋಪಪಟ್ಟಿ ಐವತ್ತನೇ ದಿನಕ್ಕೆ ಸಲ್ಲಿಕೆಯಾಯಿತು. ತನಿಖೆ ಅಚ್ಚುಕಟ್ಟಾಗಿದೆ ಎಂದು ಮೇಲಧಿಕಾರಿ ಬೆನ್ನು ತಟ್ಟಿದರು. ನಾಲ್ಕು ತಿಂಗಳ ಮೇಲೆ ಮಂಡಳಿಯ ಆದೇಶದ ಪ್ರತಿಯೊಂದು ಮಾಹಿತಿಗಾಗಿ ಠಾಣೆಗೆ ಬಂತು. ಮೃತ ಸೈನಿಕನ ಮಗಳು ಕುಟುಂಬ ಪಿಂಚಣಿಗೆ ಹಾಕಿದ್ದ ಅರ್ಜಿ ತಿರಸ್ಕೃತವಾಗಿತ್ತು. ಸಾವು ಯುದ್ಧದ ಗಾಯದಿಂದ ಆದದ್ದಲ್ಲ ಎಂಬುದಕ್ಕೆ ಮಂಡಳಿ ಕೊಟ್ಟಿದ್ದು ಒಂದೇ ಆಧಾರ: ಅರ್ಜಿದಾರಳು ಪೊಲೀಸರ ಮುಂದೆ ಸ್ವಇಚ್ಛೆಯಿಂದ ನೀಡಿದ ಹೇಳಿಕೆ.