ತೌಡಿನ ಡಬ್ಬಿಗೆ ಕೈ ಹಾಕಿದವಳು

"ಅಯ್ಯೋ ದೇವರೇ... ಎಂತದು ಅದು?!"

ದುಬೈಯ ಅಲ್ ಕುಸೈಸ್‌ನ ಆ ಫ್ಲ್ಯಾಟಿನ ಒಂದು ಕೋಣೆಗೆ ಬಾಡಿಗೆಗೆ ಬಂದ ಮಾರನೆಯ ಬೆಳಿಗ್ಗೆಯೇ ಸಮೀಕ್ಷಾ ಚೀರಿದಳು.

ಮೊಸರಿಗೆಂದು ಅಡುಗೆಮನೆಗೆ ಹೋದವಳಿಗೆ ಕಂಡದ್ದು ಒಬ್ಬ ಎತ್ತರದ ಹುಡುಗ. ಅವನ ಬಲಗೈ ಮಣಿಕಟ್ಟಿನವರೆಗೂ ಒಂದು ಡಬ್ಬಿಯೊಳಗಿತ್ತು. ಡಬ್ಬಿಯ ತುಂಬ ಕಂದು ಬಣ್ಣದ ಒದ್ದೆ ಕೆಸರು! ಅದರಿಂದ ಎದ್ದ ಹುಳಿ ವಾಸನೆ ನೇರವಾಗಿ ಅವಳ ಗಂಟಲಿಗೇ ಇಳಿಯಿತು.

"ಅಕ್ಕಿ ತೌಡು," ಎಂದ ಅವನು, ಸ್ವಲ್ಪವೂ ನಾಚದೆ. "ಉಪ್ಪು ನೀರು ಹಾಕಿ ಹುಳಿ ಬರಿಸಿದ್ದು. ಜಪಾನಿನವರು ಮನೆಯಲ್ಲಿ ಹೀಗೇ ಉಪ್ಪಿನಕಾಯಿ ಹಾಕುವುದು. ಒಳಗೆ ಸೌತೆಕಾಯಿ ಉಂಟು. ರುಚಿ ನೋಡ್ತೀರಾ?"

"ತೌಡಾ? ನಮ್ಮೂರಲ್ಲಿ ಅದನ್ನು ದನಕ್ಕೆ ಹಾಕುವುದು!"

"ಹಾಗಾದ್ರೆ ನಿಮ್ಮೂರಿನ ದನಗಳಿಗೆ ರುಚಿ ಗೊತ್ತುಂಟು," ಎಂದು ನಕ್ಕು, ಕೆಸರು ಮೆತ್ತಿದ ಸೌತೆಕಾಯಿಯನ್ನು ಅವಳ ಮೂಗಿನ ಮುಂದೆ ಹಿಡಿದ.

ಸಮೀಕ್ಷಾ ಬಾಯಿ ಮುಚ್ಚಿಕೊಂಡು ಸಿಂಕಿನ ಕಡೆ ಓಡಿದಳು.

ಬೇರೆಯವರ ಪ್ರೀತಿ ಹೂವಿನಿಂದಲೋ ಹಾಡಿನಿಂದಲೋ ಶುರುವಾಗುತ್ತದೆ. ಇವರದ್ದು ವಾಂತಿಯಿಂದ ಶುರುವಾಯಿತು. ಏನು ಮಾಡೋಣ, ಹಣೆಬರಹ!

ಅವನು ಸುಜಿತ್. ಮನೆಯೊಡತಿ ಜಲಜಾಕ್ಷಿಯ ತಮ್ಮ, ದೇರಾದ ಒಂದು ಜಪಾನಿ ಹೋಟೆಲಿನಲ್ಲಿ ಅಡುಗೆಯವನು. ಸಮೀಕ್ಷಾ ಕಾಪುವಿನವಳು, ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರಿಗೆ ಸಹಾಯಕಿ. ದಿನವಿಡೀ ಗ್ಲೌಸ್ ಹಾಕಿಕೊಂಡು, ಇಕ್ಕಳ ಕುದಿಸಿ, ಟೇಬಲ್ ಒರೆಸಿ ಬರುವ ಹುಡುಗಿ. ಅವಳಿಗೂ ಆ ಡಬ್ಬಿಗೂ ಒಂದೇ ಫ್ರಿಜ್ಜು!

ಸುಜಿತ್ ಅಷ್ಟಕ್ಕೇ ಬಿಡಲಿಲ್ಲ. ಒಂದು ದಿನ ಹುದುಗಿಸಿದ ಸೋಯಾ ಕಾಳು ತಂದ. ಚಮಚ ಎತ್ತಿದರೆ ನೂಲು ನೂಲಾಗಿ ಲೋಳೆ ಇಳಿಯಿತು. "ಇಶ್ಶೀ! ಇದು ಯಾರದ್ದೋ ಮೂಗಿನಿಂದ ಬಂದ ಹಾಗುಂಟು!" ಎಂದು ಅವಳು ಹಿಂದೆ ಸರಿದಳು.

"ಬಸಳೆ ಪದಾರ್ಥದ ಬಟ್ಟಲು ನೆಕ್ಕುವವಳಿಗೆ ಲೋಳೆ ಅಂದ್ರೆ ಹೇಸಿಗೆಯಾ ಮಾರಾಯ್ತಿ?" ಎಂದು ಜಲಜಾಕ್ಷಿ ಕಿಚಾಯಿಸಿದಳು.

ಇನ್ನೊಮ್ಮೆ ಎಲೆಕೋಸಿನ ದಪ್ಪ ದೋಸೆ. ಅದರ ಮೇಲೆ ಉದುರಿಸಿದ ಒಣಮೀನಿನ ತೆಳು ಚೂರುಗಳು ಬಿಸಿಗೆ ತಾವಾಗಿ ಅಲುಗಾಡತೊಡಗಿದವು. ಸಮೀಕ್ಷಾ ತಟ್ಟೆ ಬಿಟ್ಟು ಎದ್ದಳು. ಸಿಹಿಯಾದರೂ ಚೆನ್ನಾಗಿರಬಹುದು ಎಂದುಕೊಂಡರೆ, ಅಕ್ಕಿಯ ಉಂಡೆ ಅಂಗುಳಿಗೆ ಅಂಟಿಕೊಂಡು ಮಾತೇ ಹೊರಡದಾಯಿತು.

ಆದರೆ... ಅವಳ ಟಿಫಿನ್ ಡಬ್ಬಿಗೆ ಅವನು ಇಟ್ಟುಕೊಡುತ್ತಿದ್ದ ಅನ್ನದ ಉಂಡೆಗಳಿಗೆ ಸುತ್ತಿದ ಕಡಲಪಾಚಿಯನ್ನು ಅವಳು ಸಿಪ್ಪೆ ಸುಲಿದಂತೆ ಸುಲಿದು ಎಸೆಯುತ್ತಿದ್ದಳು. ಅನ್ನವನ್ನು ಮಾತ್ರ ಒಂದಗುಳು ಬಿಡದೆ ತಿನ್ನುತ್ತಿದ್ದಳು. ಅದು ಗೊತ್ತಾದ ಮೇಲೆ ಅವನು ಪಾಚಿ ಸುತ್ತುವುದನ್ನೇ ನಿಲ್ಲಿಸಿದ.

'ನಾನು ಹೇಳಲೇ ಇಲ್ಲವಲ್ಲ... ಇವರಿಗೆ ಹೇಗೆ ತಿಳಿಯಿತು?'

ಆ ದಿನ ಕ್ಲಿನಿಕ್ಕಿನಲ್ಲಿ ಅವಳ ಕೈಯಿಂದ ಇಕ್ಕಳ ಎರಡು ಸಲ ಜಾರಿತು.

ಎಲ್ಲ ಸರಿಹೋಗುತ್ತಿದೆ ಎನ್ನುವಾಗಲೇ ಅವಳ ನಾಲಿಗೆ ಕೆಲಸ ಕೆಡಿಸಿತು.

ಒಂದು ಶುಕ್ರವಾರ ಜಲಜಾಕ್ಷಿಯ ಮಗಳ ಹುಟ್ಟುಹಬ್ಬ. ಮನೆ ತುಂಬ ಊರಿನವರು. ತೌಡು ಕಲಸಿ, ಕೈ ತೊಳೆದು ಬಂದ ಸುಜಿತ್ ಪಾಯಸ ಬಡಿಸಲು ಬಗ್ಗಿದ. ಅವನ ಬೆರಳಿನಿಂದ ಅದೇ ಹುಳಿ ವಾಸನೆ ಬಂತು...

"ಆ ಕೈಯಲ್ಲಿ ನನ್ನ ತಟ್ಟೆ ಮುಟ್ಟಬೇಡಿ! ಅಸಹ್ಯ ಆಗ್ತದೆ!"

ಪಂಕ್ತಿಯಿಡೀ ತಿರುಗಿ ನೋಡಿತು. ಸುಜಿತನ ಮುಖ ಕಪ್ಪಿಟ್ಟಿತು. ಸೌಟನ್ನು ಮೆಲ್ಲನೆ ಪಾತ್ರೆಗೆ ಹಾಕಿ ಒಳಗೆ ಹೋದ.

'ನೀವಲ್ಲ ಸುಜಿತ್, ತೌಡು ಅಸಹ್ಯ...' ಎನ್ನಬೇಕಿತ್ತು. ಅಷ್ಟು ಜನರೆದುರು ಆ ಮಾತು ಅವಳ ಬಾಯಿಗೆ ಬರಲಿಲ್ಲ.

ಮರುವಾರವೇ ಅವನು ಹೋಟೆಲಿನ ಅಬುಧಾಬಿ ಶಾಖೆಗೆ ತಾನಾಗಿ ಕೇಳಿಕೊಂಡು ಹೊರಟ. ಅಕ್ಕನಿಗೆ ಹೇಳಿದ್ದು ಇಷ್ಟೇ: "ಡಬ್ಬಿ ಬಿಸಾಡಿಬಿಡು. ಖಲಾಸ್. ಇನ್ನು ಯಾರಿಗೂ ಹೇಸಿಗೆ ಆಗುವುದು ಬೇಡ."

ಜಲಜಾಕ್ಷಿ ಡಬ್ಬಿ ಹಿಡಿದು ಬಾಗಿಲವರೆಗೆ ಹೋದವಳು ನಿಟ್ಟುಸಿರು ಬಿಟ್ಟಳು. "ಅವನಿಗೆ ಕೆಲಸ ಕಲಿಸಿದ ಹಿರೋಕೊ ಅಮ್ಮ ಜಪಾನಿಗೆ ಹೋಗುವಾಗ ಕೊಟ್ಟದ್ದು. ಆಕೆಯ ತಾಯಿಯ ಕಾಲದ್ದಂತೆ. ದಿನಾ ಕೈಯಾಡಿಸದಿದ್ರೆ ಸಾಯ್ತದಂತೆ ಇದು."

"ಕೊಡಿ ಅಕ್ಕಾ," ಎಂದಳು ಸಮೀಕ್ಷಾ. ಹಾಗೆಂದದ್ದಕ್ಕೆ ತನಗೇ ಆಶ್ಚರ್ಯವಾಯಿತು.

ಮೂಗಿಗೆ ಮಾಸ್ಕ್, ಕೈಗೆ ಕ್ಲಿನಿಕ್ಕಿನ ಗ್ಲೌಸ್ ಹಾಕಿಕೊಂಡು, ಮುಖ ಆಚೆ ತಿರುಗಿಸಿ ಕಲಸಿದಳು. ಕೆಲವೇ ದಿನಗಳಲ್ಲಿ ತೌಡಿನ ಮೇಲೆ ಬಿಳಿ ಪೊರೆ ಕಟ್ಟಿ, ವಾಸನೆ ಇನ್ನಷ್ಟು ಕೆಟ್ಟಿತು. ಗ್ಲೌಸ್ ಹಾಕಿದರೆ ಅಡಿಯಲ್ಲಿ ಎಲ್ಲಿ ಬಿಸಿ, ಎಲ್ಲಿ ನೀರು ಎಂದು ತಿಳಿಯುವುದಿಲ್ಲ, ಬರಿಗೈಯೇ ಬೇಕು ಎಂದು ಅವನು ಹೇಳುತ್ತಿದ್ದನಲ್ಲ!

ಗ್ಲೌಸ್ ಕಳಚಿದಳು. ಕಣ್ಣು ಮುಚ್ಚಿ ಕೈ ಇಳಿಸಿದಳು. ತಣ್ಣಗೆ, ಜಿಗುಟಾಗಿ ಅದು ಬೆರಳ ಸಂದಿಗೆಲ್ಲ ನುಗ್ಗಿತು.

"ಇಶ್ಶೀ... ಇಶ್ಶೀ..." ಎನ್ನುತ್ತಲೇ ಅತ್ತಳು. ಅಳುತ್ತಲೇ ಅಡಿಯಿಂದ ಮಗುಚಿದಳು. ದಿನಾ ಹಾಗೆಯೇ ಮಾಡಿದಳು. ಒಂದು ದಿನವೂ ಅವಳಿಗೆ ಅದು ಇಷ್ಟವಾಗಲಿಲ್ಲ.

ರಂಜಾನಿಗೆ ಸ್ವಲ್ಪ ಮೊದಲು, ಉಳಿದ ಬಟ್ಟೆ ಒಯ್ಯಲು ಸುಜಿತ್ ಬಂದ. ಅಬುಧಾಬಿಯಲ್ಲಿ ಮನೆ ಸಿಕ್ಕಿತ್ತು, ಇನ್ನು ಇತ್ತ ಬರುವ ಕೆಲಸವಿರಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟ.

ಸಮೀಕ್ಷಾಳ ಬಲಗೈ ಮಣಿಕಟ್ಟಿನವರೆಗೂ ಡಬ್ಬಿಯೊಳಗಿತ್ತು.

"ನೀವು... ಎಂತ ಮಾಡ್ತಿದ್ದೀರಿ?"

"ಕಾಣುದಿಲ್ವಾ? ದನಕ್ಕೆ ಅಡುಗೆ!" ಎಂದಳು.

ತೌಡಿನಲ್ಲಿ ಅವಳು ಹೂತಿಟ್ಟಿದ್ದ ಒಂದು ಸೌತೆಕಾಯಿಯನ್ನು ಅವನು ತೆಗೆದು, ತೊಳೆದು, ಕಚ್ಚಿದ.

"ರುಚಿ ಬೇರೆ ಆಗಿದೆ," ಎಂದ.

"ಹಾಳಾಯ್ತಾ?"

"ಇಲ್ಲ. ಕಲಸಿದವರ ಕೈರುಚಿ ಇದಕ್ಕೆ ಬರ್ತದೆ ಅಂತ ಹಿರೋಕೊ ಅಮ್ಮ ಹೇಳ್ತಿದ್ರು." ಅವನ ಕಣ್ಣು ತುಂಬಿತ್ತು. "ಬರಿಗೈಯಾ? ನಿಮಗೆ ಅಸಹ್ಯ ಆಗ್ಲಿಲ್ವಾ?"

"ಆಯ್ತು! ದಿನಾ ಆಯ್ತು! ಈಗ್ಲೂ ಆಗ್ತದೆ!" ಅವಳು ಬಿಕ್ಕಿದಳು. "ಆದ್ರೆ ಆವತ್ತು ನಾನು ಹೇಳಿದ್ದು ತೌಡಿಗೆ ಸುಜಿತ್... ನಿಮಗಲ್ಲ. ನಿಮ್ಮ ಕೈ ಯಾವತ್ತೂ ನನಗೆ ಅಸಹ್ಯ ಅಲ್ಲ."

ತೌಡು ಮೆತ್ತಿದ ಅವಳ ಕೈಯನ್ನು ಅವನು ಹಾಗೆಯೇ ಹಿಡಿದುಕೊಂಡ.

"ಡಬ್ಬಿ ಅಬುಧಾಬಿಗೆ ತಗೊಂಡು ಹೋಗ್ಲಾ?"

"ಹೋಗುವುದಾದ್ರೆ ಇಬ್ಬರನ್ನೂ ಕರ್ಕೊಂಡು ಹೋಗಿ," ಎಂದಳು, ತಲೆ ತಗ್ಗಿಸಿ. "ಡಬ್ಬಿಯೊಂದನ್ನೇ ಅಲ್ಲ."

ಸುಜಿತನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ನಗುವುದೋ ಅಳುವುದೋ ತಿಳಿಯಲಿಲ್ಲ.

"ನಾಳೆಯೇ ಕಾಪುವಿಗೆ ಫೋನ್ ಮಾಡಿ ನಿಮ್ಮ ಅಪ್ಪನತ್ರ ಮಾತಾಡ್ತೇನೆ."

"ಮಾತಾಡಿ. ಆದ್ರೆ ಒಂದು ಷರತ್ತು," ಮೂಗು ಮುರಿದು ಅವಳು ಡಬ್ಬಿಯ ಕಡೆ ನೋಡಿದಳು. "ಇದಕ್ಕೆ ಬೇರೆ ಫ್ರಿಜ್ಜು."

"ಆಯ್ತು ಮಾರಾಯ್ತಿ. ಬೇರೆ ಫ್ರಿಜ್ಜು."