ಒಳಗಿದ್ದವನ ಹೆಸರು

"ಒಳಗ ಯಾರದೀ? ಹೆಸರ ಹೇಳು!"

ಹುಣಸೆ ಬರಲಿನ ಏಟು ಮತ್ತೆ ಸಂಗವ್ವನ ಬೆನ್ನಿಗೆ ಬಿತ್ತು. ದೆವ್ವ ಬಿಡಿಸುವ ಫಕೀರಪ್ಪ ಅವಳ ಕೂದಲು ಹಿಡಿದೇ ಹೊಡೆಯುತ್ತಿದ್ದ. ರವಿಕೆ ಹರಿದು ರಕ್ತ ಒಸರುತ್ತಿತ್ತು. ಅದು ಸಾವಿರದ ಒಂಬೈನೂರ ಮೂವತ್ತೊಂದರ ಬೇಸಿಗೆ. ಉಪ್ಪಿನಬೆಟಗೇರಿಯ ಅರ್ಧ ಊರು ಆ ಅಂಗಳದಲ್ಲಿತ್ತು, ಅವಳನ್ನು ಬಿಡಿಸಿಕೊಳ್ಳುವವರು ಮಾತ್ರ ಒಬ್ಬರೂ ಇರಲಿಲ್ಲ.

ಹೋದ ವರ್ಷ ತಾಯಿ ತೀರಿಕೊಂಡ ಮೇಲೆ ಅವಳು ಊಟ, ಮಾತು ಎರಡನ್ನೂ ಬರಬರುತ್ತ ಬಿಟ್ಟಿದ್ದಳು. ನಿನ್ನೆ ಬಾವಿಯ ದಂಡೆಯಿಂದ ಎಳೆದು ತಂದಿದ್ದರು. ದೆವ್ವವೇ ಎಂದು ತೀರ್ಮಾನವಾಯಿತು. ಏನಾಗಿದೆ ನಿನಗೆ ಎಂದು ಕೇಳುವ ಪುಣ್ಯಾತ್ಮರು ಯಾರಿದ್ದರು ಹೇಳಿ!

'ಒಳಗ ಯಾರು... ಒಳಗ ಇರಾಂವ ಒಬ್ಬನ...' ಸಂಗವ್ವ ತನ್ನೊಳಗೇ ಹುಡುಕಿದಳು.

"ದ್ಯಾಮಣ್ಣ," ಅಂದಳು.

ದೆವ್ವವಾಗಲು ಸತ್ತಿರಬೇಕಲ್ಲವೇ? ದ್ಯಾಮಣ್ಣ ಬದುಕಿದ್ದಾನಲ್ಲ! ಅರಳೆ ವ್ಯಾಪಾರಿ. ಹೋದ ಸುಗ್ಗಿಯಲ್ಲಿ ಹೆಣ್ಣು ಕೇಳಿ ಬಂದಾಗ ಅವಳೇ ಒಲ್ಲೆ ಅಂದಿದ್ದಳು.

"ಮಾಟ ಮಾಡಿಸ್ಯಾನ," ಅವಳ ಅಣ್ಣ ಸಿದ್ದಪ್ಪ ಹಲ್ಲು ಕಡಿದ. "ಒಲ್ಲೆ ಅಂದದ್ದಕ್ಕ ಸೇಡು."

ದ್ಯಾಮಣ್ಣನನ್ನು ಅಂಗಡಿಯಿಂದ ಎಳೆದು ತಂದರು. ಸಿದ್ದಪ್ಪನ ಬಡಿಗೆ ಹೆಗಲಿಗೆ, ದವಡೆಗೆ ಬಿತ್ತು. ಹಲ್ಲೊಂದು ಮಣ್ಣಿಗೆ ಉದುರಿತು. ಅವನು ರಕ್ತ ಉಗುಳಿ, ತೆವಳಿ ಅವಳ ಮುಂದೆ ಕುಳಿತ.

"ಸಂಗವ್ವಾ, ಸಾಯಬೇಕು ಅನಸತೈತೇನು?"

ಅಂಥ ಮಾತು ಬಾಯಿಬಿಟ್ಟು ಕೇಳುವುದೇ? ಊರು ಬೆಚ್ಚಿತು. ಸಂಗವ್ವನಿಗೆ ಮಾತ್ರ ಎಷ್ಟೋ ತಿಂಗಳ ಮೇಲೆ ಅಳು ಒತ್ತರಿಸಿ ಬಂತು.

"ದಿನಾ ಅನಸತೈತ್ರಿ..."

"ಧಾರವಾಡಕ್ಕ ಹೋಗೂಣು. ಇದಕ್ಕ ಡಾಕ್ಟರು ಅದಾರ."

"ಹುಚ್ಚರ ದವಾಖಾನಿಗೇನು?" ಸಿದ್ದಪ್ಪ ಮತ್ತೆ ಬಡಿಗೆ ಎತ್ತಿದ. "ಆಮ್ಯಾಲ ಇಕೀನ್ನ ಯಾರು ಲಗ್ನಾ ಮಾಡಿಕೋತಾರ?"

"ನಮ್ಮವ್ವ ಆ ವರ್ಷ ಶ್ರೀಶೈಲಕ್ಕ ಯಾತ್ರಾ ಹೋಗಿದ್ದಿಲ್ಲೋ ಸಿದ್ದಪ್ಪಾ. ಅದ ದವಾಖಾನ್ಯಾಗ ಇದ್ಲು. ನಾಚಿಕಿಗೆ ಸುಳ್ಳ ಹೇಳಿದ್ವಿ. ಈಗ ನಿಮ್ಮ ಮನಿಗೆ ಮಜ್ಜಿಗಿ ತರತಾಳಲ್ಲ, ಹುಚ್ಚಿ ಹಂಗ ಕಾಣತಾಳೇನು?"

ದ್ಯಾಮಣ್ಣನ ತಾಯಿ ಚನ್ನಬಸವ್ವನನ್ನು ಊರೆಲ್ಲ ಬಲ್ಲದು. ಸಿದ್ದಪ್ಪ ತಂಗಿಯ ಬೆನ್ನು ನೋಡಿದ. ಬಡಿಗೆ ಒಗೆದು, ಫಕೀರಪ್ಪನ ಕೈಯಿಂದ ಬರಲು ಕಸಿದು ಮುರಿದು, ಮುಖ ತಿರುಗಿಸಿ ಗಾಡಿಗೆ ಎತ್ತು ಹೂಡಲು ಹೋದ.

"ನಾ ನಿಮ್ಮನ್ನ ಒಲ್ಲದಾಕಿ ಅಲ್ರಿ," ಅವಳು ಪಿಸುಗುಟ್ಟಿದಳು. "ಇಂಥಾಕಿ ನಿಮ್ಮ ಕೊರಳಿಗೆ ಬೀಳಬಾರದಂತ ಒಲ್ಲೆ ಅಂದೆ..."

"ಇಷ್ಟ ಹೊಡತ ತಿಂದಮ್ಯಾಲ ಹೇಳತೀಯಲ್ಲ!" ಒಡೆದ ತುಟಿಯಲ್ಲೇ ಅವನು ನಕ್ಕ.

"ಆರಾಮ ಆಗದಿದ್ರ?"

"ಆಗೂತನಕ ಕರಕೊಂಡ ಹೋಗತೇನಿ."

"ದಾರ್ಯಾಗ ಮತ್ತ ಸಾಯಬೇಕು ಅನಿಸಿದ್ರ?"

"ನನಗ ಹೇಳು. ಗಾಡಿ ನಿಲ್ಲಿಸಿ ಕೈ ಹಿಡಕೋತೇನಿ."

ಅವಳು ಕೈ ಚಾಚಿದಳು.

"ಈಗೂ ಅನಸಾಕತ್ತೈತ್ರಿ."

"ಹಿಡಕೊಂಡೇನಿ," ಅಂದ ದ್ಯಾಮಣ್ಣ.