ಕೊನೆಯ ಅರ್ಧ ಹರದಾರಿ

ಬಹಳ ಕಾಲದ ಹಿಂದೆ, ಆನೆಗಳಿನ್ನೂ ಯಾರಿಗೂ ಸಲಾಮು ಹಾಕುವುದನ್ನು ಕಲಿತಿರದ ಕಾಲದಲ್ಲಿ, ದೊಡ್ಡ ಕಡಲಿನ ಆಚೆ ದಡದಲ್ಲಿ ಹೊನ್ನಹುಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಹುಲ್ಲು ಎದೆಯೆತ್ತರ. ಹುಲ್ಲಿನ ನಡುವೆ ಆನೆ, ಸಿಂಹ, ಜಿರಾಫೆ, ಮತ್ತೆ ಎಣಿಸಿದರೂ ಮುಗಿಯದಷ್ಟು ಪಟ್ಟೆಕುದುರೆ. ಇವನ್ನೆಲ್ಲ ಹತ್ತಿರದಿಂದ ನೋಡಬೇಕೆಂದು ದೇಶದೇಶದ ಜನ ಕೆಲಸಕ್ಕೆ ರಜೆ ಹಾಕಿ, ಹಡಗು ಹತ್ತಿ ಬರುತ್ತಿದ್ದರು. ನೋಡುವುದಾದರೆ ಕುದುರೆಯ ಮೇಲೆ ಕೂತೇ ನೋಡಬೇಕು. ನಡೆದು ಬಂದ ಮನುಷ್ಯನನ್ನು ಕಂಡರೆ ಕಾಡುಪ್ರಾಣಿ ತಾನೇ ಓಡುತ್ತದೆ, ಇಲ್ಲವೇ ಅವನನ್ನು ಓಡಿಸುತ್ತದೆ. ಕುದುರೆಯ ಮೇಲಿದ್ದವನನ್ನು ಕಂಡರೆ ಮಾತ್ರ, ಇದೂ ಹುಲ್ಲು ತಿನ್ನುವ ಪೈಕಿ ಎಂದುಕೊಂಡು ತನ್ನ ಪಾಡಿಗೆ ತಾನು ಮೇಯುತ್ತಿರುತ್ತದೆ.

ಅಂಥ ಅತಿಥಿಗಳಿಗೆ ದಾರಿ ತೋರಿಸುವವನು ಮೋಷಿ. ಅವನ ಹೆಂಡತಿ ರೆಹೇಮಾ. ಸವಾರಿಯಲ್ಲಿ ಗಂಡನಿಗಿಂತ ಒಂದು ಕೈ ಮೇಲು, ಮಾತಿನಲ್ಲಿ ಎರಡು ಕೈ. ಇಬ್ಬರೂ ಮುದ್ದು ಮಾಡಿ ಸಾಕಿದ ಕೆಂಪು ಹೆಣ್ಣುಗುದುರೆಯ ಹೆಸರು ತೆಂಡೆ. ತೆಂಡೆ ಅಂದರೆ ಆ ಸೀಮೆಯ ಮಾತಿನಲ್ಲಿ ಖರ್ಜೂರ.

ಮೋಷಿ ದಿನಾ ಬೆಳಿಗ್ಗೆ ಅತಿಥಿಗಳಿಗೆ ನಾಲ್ಕು ಮಾತು ಹೇಳುತ್ತಿದ್ದ. "ಆನೆ ಕಂಡರೆ ದಾರಿ ಬಿಡಿ. ಸಿಂಹ ಕಂಡರೆ ಓಡಬೇಡಿ. ಕುದುರೆ ಹತ್ತಿರ ಹಿಂದಿನಿಂದ ಹೋಗಬೇಡಿ, ಎಡಹೆಗಲಿನ ಕಡೆಯಿಂದ ಹೋಗಿ. ಮನೆ ಇನ್ನು ಅರ್ಧ ಹರದಾರಿ ಇದೆ ಅನ್ನುವಾಗ ಕೆಳಗಿಳಿದು, ಕುದುರೆ ಜೊತೆ ನಡೆದು ಬನ್ನಿ. ದಿನವಿಡೀ ನಮ್ಮನ್ನ ಹೊತ್ತಿರ್ತಾಳೆ, ಮನೆಗೆ ಬರುವಾಗಲಾದರೂ ಹಗುರಾಗಿ ಬರಲಿ."

ಆ ಅರ್ಧ ಹರದಾರಿಗೆ ಗುರುತು ಒಂದು ದೊಡ್ಡಹುಣಸೆ ಮರ. ನಾಲ್ಕು ಆನೆ ಒಟ್ಟಿಗೆ ಬೆನ್ನು ಉಜ್ಜಿಕೊಳ್ಳಬಹುದಾದಷ್ಟು ದಪ್ಪ ಬೊಡ್ಡೆ. ಮಳೆಯಿರಲಿ ಬಿಸಿಲಿರಲಿ, ಆ ಮರ ಬಂತೆಂದರೆ ಮೋಷಿ ಇಳಿದೇ ಇಳಿಯುವನು, ಹೆಂಡತಿಯನ್ನೂ ಇಳಿಸುವನು. ರೆಹೇಮಾ ರೇಗಿಸುತ್ತಿದ್ದಳು. "ಹನ್ನೆರಡು ವರ್ಷದಿಂದ ಮರದಾಚೆಯ ಒರತೆಯಿಂದ ಕುಡಿಯೋ ನೀರಿನ ಕೊಡ ಹೊತ್ತು ತರ್ತಾ ಇದೀನಿ. ನನ್ನ ತಲೆ ಮೇಲಿನ ಭಾರ ಒಂದು ದಿನ ಇಳಿಸಿದವರಲ್ಲ ನೀವು. ಮುಂದಿನ ಜನ್ಮಕ್ಕೆ ನಾನು ಕುದುರೆಯಾಗಿ ಹುಟ್ತೀನಿ ಬಿಡಿ." ಮೋಷಿ ನಗುವನು, ತೆಂಡೆಯ ಕತ್ತು ತಟ್ಟುವನು, ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಹೀಗಿರುವಾಗ ಒಂದು ದಿನ ಒಬ್ಬ ಅತಿಥಿ ಬಂದ. ಅವನ ಗಡ್ಡದಿಂದ ಸದಾ ಹೊಗೆ ಏಳುತ್ತಿತ್ತು. ಆದ್ದರಿಂದ ಎಲ್ಲರೂ ಅವನನ್ನು ಹೊಗೆಗಡ್ಡ ಅನ್ನುತ್ತಿದ್ದರು. ಅವನೊಬ್ಬ ಮಾಂತ್ರಿಕ.

"ಸವಾರಿ ಬರುತ್ತಾ ಸ್ವಾಮಿ?" ಎಂದು ಮೋಷಿ ಕೇಳಿದ.

"ತೊಟ್ಟಿಲಿನಿಂದ ನೇರ ಜೀನಿಗೇ ಇಳಿದವನು ನಾನು" ಅಂದ ಹೊಗೆಗಡ್ಡ.

ಬಾಯಿಮಾತು ನಂಬಿ ಯಾರನ್ನೂ ಸಿಂಹಗಳ ನಡುವೆ ಕರೆದೊಯ್ಯುವ ಪದ್ಧತಿ ಅಲ್ಲಿರಲಿಲ್ಲ. ಮೊದಲು ಅಂಗಳದಲ್ಲಿ ಒಂದು ಸುತ್ತು ಹಾಕಿ ತೋರಿಸಬೇಕು. ಹೊಗೆಗಡ್ಡ ತೆಂಡೆಯನ್ನು ಹತ್ತಿದ. ಅವಳು ಮೂರು ಹೆಜ್ಜೆ ಇಟ್ಟಳು, ನಾಲ್ಕನೆಯದಕ್ಕೆ ಆತ ಕೆಸರಿನಲ್ಲಿ ಕೂತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಈತ ಕುದುರೆಯೇ ಡೊಂಕು ಅಂದ. ಅಂಗಳದಲ್ಲಿ ಯಾರೋ ನಕ್ಕರು.

ಮೋಷಿ ನಗಲಿಲ್ಲ. ಕೈ ಹಿಡಿದು ಎಬ್ಬಿಸಿದ. "ಈಗ ಕಾಡಿಗೆ ಕರೆದುಕೊಂಡು ಹೋದರೆ ನಿಮ್ಮ ಜೀವಕ್ಕೇ ಸಂಚಕಾರ ಸ್ವಾಮಿ. ಒಂದು ತಿಂಗಳು ಇಲ್ಲೇ ಇದ್ದು ಕಲೀರಿ. ನಾನೇ ಕಲಿಸ್ತೀನಿ."

ಅವಮಾನ ಸಹಿಸಬಹುದು, ಅವಮಾನದ ಮೇಲೆ ಕರುಣೆಯನ್ನು ಸಹಿಸುವುದು ಕಷ್ಟ. ಹೊಗೆಗಡ್ಡ ಬಾಯಿತುಂಬ ಹೊಗೆ ಎಳೆದು ಮೋಷಿಯ ಮೇಲೆ ಊದಿದ. ಹೊಗೆ ಸರಿದಾಗ ಮೋಷಿ ನಿಂತಿದ್ದ ಜಾಗದಲ್ಲಿ ಒಂದು ಪಟ್ಟೆಕುದುರೆ ನಿಂತಿತ್ತು. ಅದು ಬೆದರಿ ಬೇಲಿ ಹಾರಿ, ದೂರದಲ್ಲಿ ಮೇಯುತ್ತಿದ್ದ ಹಿಂಡಿನೊಳಗೆ ಸೇರಿಹೋಯಿತು.

ಬಿಡುಗಡೆಯ ದಾರಿ ಹೇಳದೆ ಮಂತ್ರ ಹಾಕುವಂತಿಲ್ಲ, ಮಾಂತ್ರಿಕರಿಗೂ ಅದೊಂದು ಕಟ್ಟಳೆ. ಹೊಗೆಗಡ್ಡ ರೆಹೇಮಾಳ ಕಡೆ ತಿರುಗಿ ಹೇಳಿದ. "ನಾಳೆ ಸೂರ್ಯ ಹುಟ್ಟಿದ ಮೇಲೆ ಹೊರಡು. ಗಂಡನನ್ನು ಗುರುತಿಸಿ, ಮುಟ್ಟಿ, ಕರಿ. ಮುಟ್ಟುವುದಕ್ಕೆ ಅವಕಾಶ ಒಂದೇ ಸಲ. ಸೂರ್ಯ ಮುಳುಗುವಾಗ ಹಿಂಡು ಹೊಳೆ ದಾಟುತ್ತೆ. ದಾಟಿದರೆ ಅವನು ಸಾಯುವ ತನಕ ಪಟ್ಟೆಕುದುರೆಯೇ. ನಾನು ಬಿದ್ದಿದ್ದಕ್ಕೆ ನಕ್ಕಿರಲ್ಲ, ಈಗ ನೀನು ಕುದುರೆಯಿಂದ ಇಳಿಯದೆ ಇರು ನೋಡೋಣ. ನಿನ್ನ ಕಾಲು ನೆಲಕ್ಕೆ ತಾಗಿದರೆ ನಿನಗೂ ಅದೇ ಗತಿ."

ರೆಹೇಮಾ ಆ ದಿನವೆಲ್ಲ ಅತ್ತಳು. ಬೆಳಗಾದ ಮೇಲೆ ಅಳಲಿಲ್ಲ. ತೆಂಡೆಗೆ ಜೀನು ಬಿಗಿದು, "ನಡಿ ತಾಯಿ, ನಿಮ್ಮಪ್ಪನ್ನ ಕರ್ಕೊಂಬರೋಣ" ಅಂದಳು.

ಮೊದಲು ಎದುರಾದದ್ದು ಆನೆ. ಮಾಂತ್ರಿಕ ಕಳಿಸಿದ ಆನೆ, ಕಣ್ಣು ಕೆಂಡ, ಜೊತೆಗೊಂದು ಮರಿ. ಹಿಂಡಿಗೆ ಹೋಗುವ ಕಣಿವೆಗೆ ಅಡ್ಡ ನಿಂತಿತ್ತು. ಪಕ್ಕದಲ್ಲಿ ನುಗ್ಗಿದರೆ ದಾಟಬಹುದಿತ್ತು, ರೆಹೇಮಾಳಿಗೆ ಒಂದೊಂದು ಗಳಿಗೆಯೂ ಬೇಕಾಗಿತ್ತು. ಆಗ ಗಂಡನ ಮಾತು ನೆನಪಾಯಿತು. ಆನೆ ಕಂಡರೆ ದಾರಿ ಬಿಡು. ಅವಳು ತನ್ನ ವಾಸನೆ ಆನೆಗೆ ಹೋಗದ ಕಡೆ ಸರಿದು ಕಾದಳು. ಬಿಸಿಲು ನೆತ್ತಿಗೆ ಬಂದಾಗ ಆನೆ ಮರಿಯನ್ನು ಮುಂದೆ ಮಾಡಿಕೊಂಡು ಹೊರಟಿತು, ಹತ್ತು ಹೆಜ್ಜೆಗೆ ಹೊಗೆಯಾಗಿ ಕರಗಿತು.

ಎರಡನೆಯದು ಸಿಂಹ. ಒಂದಲ್ಲ, ಮೂರು, ಮೂರಕ್ಕೂ ಕಬ್ಬಿಣದ ಉಗುರು. ತೆಂಡೆಯ ಮೈಯೆಲ್ಲ ನಡುಗಿತು. ಮತ್ತೆ ಗಂಡನ ಮಾತು ನೆನಪಾಯಿತು. ಸಿಂಹ ಕಂಡರೆ ಓಡಬೇಡ, ಓಡಿದ್ದನ್ನೆಲ್ಲ ಅದು ಊಟ ಅಂದುಕೊಳ್ಳುತ್ತೆ. ಅವಳು ಲಗಾಮು ಹಿಡಿದು ಸಿಂಹಗಳಿಗೆ ಮುಖ ಕೊಟ್ಟು ನಿಂತಳು. ಚಾವಟಿಯನ್ನು ಗಾಳಿಯಲ್ಲಿ ಒಮ್ಮೆ ಬೀಸಿದಳು, ಎರಡು ಸಲ, ಮೂರು ಸಲ. ಒಂದೊಂದು ಪೆಟ್ಟಿಗೆ ಒಂದೊಂದು ಸಿಂಹ ಹೊಗೆಯಾಯಿತು. "ಕೇಳಿ ಕೇಳಿ ಕಿವಿ ತೂತು ಬಿತ್ತು ಅಂತ ಬೈತಿದ್ದೆ. ಇನ್ನು ಬೈಯಲ್ಲ, ಬನ್ನಿ" ಅಂದಳು ರೆಹೇಮಾ, ಅಲ್ಲಿಲ್ಲದ ಗಂಡನಿಗೆ.

ಹಿಂಡು ಸಿಕ್ಕಾಗ ಸೂರ್ಯ ಇಳಿಯುತ್ತಿದ್ದ, ಪಟ್ಟೆಕುದುರೆಗಳೆಲ್ಲ ಹೊಳೆಯ ಕಡೆ ನಾಗಾಲೋಟದಲ್ಲಿದ್ದವು. ತೆಂಡೆ ಅವುಗಳ ನಡುವೆ ನುಗ್ಗಿದಳು. ಎಡಕ್ಕೆ ನೋಡಿದರೆ ಪಟ್ಟೆ, ಬಲಕ್ಕೆ ನೋಡಿದರೆ ಪಟ್ಟೆ. ನೆಲದ ತುಂಬ ಬಿಲ. ರೆಹೇಮಾ ಲಗಾಮು ಸಡಿಲ ಬಿಟ್ಟು, ಕಾಲಿಡುವ ಜಾಗ ನೋಡಿಕೊಳ್ಳುವುದನ್ನು ತೆಂಡೆಗೇ ವಹಿಸಿದಳು. ಆಗ ಹಿಂದಿನಿಂದ ಮೋಷಿಯ ದನಿ ಕೇಳಿಸಿತು. "ರೆಹೇಮಾ, ನಾನು ಕಣೇ. ಬೇಗ ಮುಟ್ಟು."

ಒಂದು ಪಟ್ಟೆಕುದುರೆ ತೆಂಡೆಯ ಬಾಲದ ಹತ್ತಿರ ಓಡಿಬರುತ್ತಿತ್ತು. ರೆಹೇಮಾ ಕೈ ಚಾಚಿದಳು. ಬೆರಳು ಇನ್ನೇನು ತಾಗಬೇಕು, ತೆಂಡೆ ಕಿವಿ ಹಿಂದಕ್ಕೆ ಮಡಚಿದಳು. ಮೋಷಿ ಎಂದಾದರೂ ಕುದುರೆಯ ಹಿಂದಿನಿಂದ ಬಂದದ್ದುಂಟೇ? ರೆಹೇಮಾ ಕೈ ಹಿಂದಕ್ಕೆಳೆದಳು. ಆ ಪಟ್ಟೆಕುದುರೆಯೂ ಹೊಗೆಯಾಗಿ ಹೋಯಿತು.

ಮೂರೂ ಕಂಟಕ ಕಳೆದವು, ಗಂಡ ಮಾತ್ರ ಸಿಗಲಿಲ್ಲ. ಹೊಳೆ ಕಾಣತೊಡಗಿತು. ಅದರ ದಡದಲ್ಲಿ ಅವಳ ಮನೆ, ಈಚೆಗೆ ದೊಡ್ಡಹುಣಸೆ ಮರ. ತೆಂಡೆಯ ಬಾಯಲ್ಲಿ ನೊರೆ, ಹೆಜ್ಜೆ ಮುಗ್ಗರಿಸುತ್ತಿತ್ತು. ಮರದ ನೆರಳು ಬಂದದ್ದೇ ತಡ, ಹನ್ನೆರಡು ವರ್ಷದ ಅಭ್ಯಾಸ ನೋಡಿ, ರೆಹೇಮಾಳ ಕಾಲು ತನಗೆ ತಾನೇ ರಿಕಾಪಿನಿಂದ ಹೊರಬಂತು. ಪಾದ ನೆಲದಿಂದ ಒಂದು ಗೇಣು ಮೇಲಿದ್ದಾಗ ಅವಳಿಗೆ ಮಾಂತ್ರಿಕನ ಮಾತು ನೆನಪಾಯಿತು. ಜೀನು ಹಿಡಿದು ಮತ್ತೆ ಮೇಲಕ್ಕೆ ಎಳೆದುಕೊಂಡಳು.

"ತಪ್ಪಾಯ್ತು ತಾಯಿ. ಇವತ್ತು ಇಳಿಯೋ ಹಾಗಿಲ್ಲ. ಇವತ್ತೊಂದು ದಿನ ನನ್ನ ಹೊತ್ಕೊಂಬಿಡು" ಎನ್ನುತ್ತಾ ತೆಂಡೆಯ ಕತ್ತಿಗೆ ಮುಖ ಒತ್ತಿ ಅತ್ತಳು.

ಹಿಂಡು ಧೂಳೆಬ್ಬಿಸಿ ಹೊಳೆಯತ್ತ ಓಡುತ್ತಲೇ ಇತ್ತು. ಅಷ್ಟರಲ್ಲಿ ಅವಳು ಒಂದನ್ನು ಕಂಡಳು. ಎಲ್ಲವೂ ಓಡುತ್ತಿದ್ದಾಗ ಒಂದೇ ಒಂದು ಪಟ್ಟೆಕುದುರೆ ಮರದ ಬುಡಕ್ಕೆ ಬಂದು ಓಟ ನಿಲ್ಲಿಸಿತು. ಹಿಂಡಿನಿಂದ ಬೇರೆಯಾಗಿ ತೆಂಡೆಯ ಎಡಹೆಗಲಿನ ಪಕ್ಕಕ್ಕೆ ಬಂತು. ತಲೆ ತಗ್ಗಿಸಿ, ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ ನಿಧಾನವಾಗಿ ಮನೆಯ ಕಡೆ ನಡೆಯತೊಡಗಿತು.

ಅದು ರೆಹೇಮಾಳ ಕಡೆ ಕಣ್ಣೆತ್ತಿ ನೋಡಲಿಲ್ಲ. ಪಾಪ, ಅದಕ್ಕೆ ತನ್ನ ಹೆಸರು ಮರೆತುಹೋಗಿತ್ತು, ಹೆಂಡತಿಯೂ ಮರೆತುಹೋಗಿದ್ದಳು. ಕಾಲಿಗೆ ಮಾತ್ರ ಆ ಮರ ಮರೆತಿರಲಿಲ್ಲ. ರೆಹೇಮಾಳಿಗೆ ಅಳುವಿನ ನಡುವೆಯೂ ತೆಂಡೆಯ ಮೇಲೆ ಚೂರು ಹೊಟ್ಟೆಕಿಚ್ಚಾಯಿತು, ಮರುಗಳಿಗೆ ನಗು ಬಂತು. ಅವಳು ಬಗ್ಗಿ ಅದರ ಕತ್ತಿನ ಮೇಲೆ ಕೈಯಿಟ್ಟು, "ರೀ, ಮನೆ ಬಂತು" ಎಂದು ಕರೆದಳು.

ಪಟ್ಟೆಗಳು ಒಂದೊಂದಾಗಿ ಉದುರಿದವು. ಮೋಷಿ ನಿಂತಿದ್ದ, ತಲೆತುಂಬ ಧೂಳು. ಅವನು ತೆಂಡೆಯ ಬಾಯಿಯ ನೊರೆ ನೋಡಿದ, ಹೆಂಡತಿಯನ್ನು ನೋಡಿದ. "ಏನೇ ಇದು, ಮರ ದಾಟಿದರೂ ಇನ್ನೂ ಮೇಲೇ ಕೂತಿದೀಯಾ? ಇಳಿಯೇ, ಸಾಕಾಗಿದೆ ಅವಳಿಗೆ" ಅಂದ.

ರೆಹೇಮಾ ಇಳಿದಳು. ಎರಡೂ ಪಾದ ಊರಿ ನಿಂತು ಅವನ ಎದೆಗೊಂದು ಗುದ್ದಿದಳು, ಆಮೇಲೆ ಅಪ್ಪಿಕೊಂಡಳು. ಮಂತ್ರ ಮುರಿದಿತ್ತು, ನೆಲ ಬರೀ ನೆಲವಾಗಿತ್ತು.

ಹೊಳೆಯ ದಡದಲ್ಲಿ ಕಾದು ಕೂತಿದ್ದ ಹೊಗೆಗಡ್ಡನ ಹೊಗೆ ಆರಿತ್ತು. ಮುರಿದ ಮಂತ್ರ ಹಾಕಿದವನಿಗೇ ಬಂದು ತಗುಲಿ, ಗಡ್ಡದ ತುಂಬ ಕಪ್ಪು ಬಿಳಿ ಪಟ್ಟೆ ಮೂಡಿತ್ತು. ಇನ್ನು ತನ್ನ ಕತೆ ಮುಗಿಯಿತೆಂದು ಅವನು ಕಣ್ಣು ಮುಚ್ಚಿಕೊಂಡ. ಮೋಷಿ ಹತ್ತಿರ ಹೋಗಿ ಕೈ ಹಿಡಿದು ಎಬ್ಬಿಸಿದ. "ಒಂದು ತಿಂಗಳು ಇದ್ದು ಕಲೀರಿ ಅಂದಿದ್ದೆ ಸ್ವಾಮಿ. ಈಗಲೂ ಅದೇ ಮಾತು." ರೆಹೇಮಾ ಸೇರಿಸಿದಳು, "ಮೊದಲು ಲಾಯದ ಲದ್ದಿ ಬಾಚೋದು ಕಲೀಲಿ."

ಹೊಗೆಗಡ್ಡ ಎರಡನ್ನೂ ಕಲಿತ. ಒಂದು ತಿಂಗಳು ಸಾಲದೆ ಏಳು ತಿಂಗಳು ಹಿಡಿಯಿತು, ಅದು ಬೇರೆ ಮಾತು. ಜಿರಾಫೆಗಳ ನಡುವೆ ಮೊದಲ ಸಲ ಸವಾರಿ ಹೋಗಿಬಂದ ದಿನ, ಮರದ ಹತ್ತಿರ ಎಲ್ಲರಿಗಿಂತ ಮೊದಲು ಇಳಿದವನು ಅವನೇ. ತೆಂಡೆ ಮುದುಕಿಯಾಗುವ ತನಕ ಖರ್ಜೂರ ತಿಂದುಕೊಂಡು ಸುಖವಾಗಿದ್ದಳು. ಗಂಡ ಹೆಂಡತಿ ಜಗಳವಾಡಿಕೊಂಡು ಅದಕ್ಕಿಂತ ಸುಖವಾಗಿದ್ದರು.

ಇನ್ನೊಂದು ಹೇಳುವುದಿದೆ. ಮಂತ್ರ ಮುರಿದ ಮಾರನೆಯ ದಿನದಿಂದ ರೆಹೇಮಾ ಒರತೆಯಿಂದ ನೀರು ತರುವಾಗ ಮರದ ಬುಡದಲ್ಲಿ ಮೋಷಿ ಕಾದು ನಿಂತಿರುತ್ತಿದ್ದ. ಅವಳ ತಲೆಯಿಂದ ಕೊಡ ಇಳಿಸಿಕೊಂಡು ಹೆಗಲಿಗಿಡುತ್ತಿದ್ದ. ಅಲ್ಲಿಂದ ಮನೆಯ ತನಕ, ಆ ಕೊನೆಯ ಅರ್ಧ ಹರದಾರಿ, ಅವಳು ಕೈಬೀಸಿಕೊಂಡು ಅವನ ಪಕ್ಕದಲ್ಲಿ ನಡೆದು ಬರುತ್ತಿದ್ದಳು.